ಹಳೆಯ ಹಾರ್ನ್‌ಬಿ ವ್ಯಾಗನ್ ಬಿಚ್ಚುವ ಮುನ್ನ: ಗೆಳೆಯನಿಗೊಂದು ಪತ್ರ

ಪ್ರಿಯ ಶ್ರೀಧರ,

ಲೀಡ್ಸ್‌ನ ಹರಾಜಿನಲ್ಲಿ ನಿನಗೆ ಸಿಕ್ಕಿದ ಹಾರ್ನ್‌ಬಿ ಆಟಿಕೆ ರೈಲಿನ, ಓ ಗೇಜ್ ಎಂಬ ಹಳಿ ಅಳತೆಯ ವ್ಯಾಗನ್‌ಗಳ ಚಿತ್ರಗಳನ್ನು ನೋಡಿ ಬಹಳ ಸಂತೋಷವಾಯಿತು. ಆದರೆ ಎಲ್ಲವನ್ನೂ ಪೂರ್ತಿ ಬಿಚ್ಚಿ ತೊಳೆಯುವುದಾಗಿ ಬರೆದಿದ್ದೀಯಲ್ಲ, ಅದಕ್ಕೆ ಕೈ ಹಾಕುವ ಮೊದಲು ಈ ಪತ್ರವನ್ನು ಓದು.

ಮೊದಲು ಪ್ರತಿ ವ್ಯಾಗನ್ನಿನ ತಳಭಾಗವನ್ನು ತಿರುಗಿಸಿ ನೋಡು. ಲೋಹದ ಪಟ್ಟಿಗಳನ್ನು ನಟ್ಟು ಬೋಲ್ಟುಗಳಿಂದ ಜೋಡಿಸಿ ಆಡುವ ಮೆಕಾನೊ ಪದ್ಧತಿಗೆ 1901ರಲ್ಲಿ ಪೇಟೆಂಟ್ ಪಡೆದ ಫ್ರಾಂಕ್ ಹಾರ್ನ್‌ಬಿ, 1920ರಲ್ಲಿ ಲಿವರ್‌ಪೂಲ್‌ನಿಂದ ಮಾರಾಟಕ್ಕೆ ತಂದ ಮೊದಲ ರೈಲುಗಳನ್ನು ಅದೇ ನಟ್ಟು ಬೋಲ್ಟುಗಳಿಂದ ಜೋಡಿಸಿದ್ದರಿಂದ, ಅವನ್ನು ಮಕ್ಕಳೂ ಬಿಚ್ಚಿ ಮತ್ತೆ ಕಟ್ಟಬಹುದಾಗಿತ್ತು. ನಿನ್ನ ವ್ಯಾಗನ್‌ಗಳಲ್ಲಿ ಹೆಚ್ಚಿನವು ನಂತರದ ಕಾಲದವು. ಅವುಗಳಲ್ಲಿ ತಗಡಿನ ಸಣ್ಣ ನಾಲಿಗೆಗಳನ್ನು ಸೀಳಿನೊಳಗೆ ತೂರಿಸಿ ಮಡಚಿರುತ್ತಾರೆ. ಪ್ರತಿ ಬಾರಿ ಮಡಚಿ ಬಿಡಿಸಿದಾಗಲೂ ಆ ತಗಡು ಗಡುಸಾಗುತ್ತ ಹೋಗಿ, ಕೊನೆಗೊಮ್ಮೆ ಬುಡದಲ್ಲೇ ಮುರಿಯುತ್ತದೆ. ಹಿಂದಿನ ಒಡೆಯರು ಎಷ್ಟು ಸಲ ಬಿಚ್ಚಿದ್ದರೆಂದು ತಿಳಿಯುವ ದಾರಿಯೇ ಇಲ್ಲ. ಆದ್ದರಿಂದ ಒಳಗೆ ತುಕ್ಕು ಹಿಡಿದಿರದಿದ್ದರೆ, ಏನೂ ಮುರಿದಿರದಿದ್ದರೆ, ಮೇಲ್ಭಾಗವನ್ನು ಬಿಚ್ಚಲೇಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಬಿಚ್ಚಲೇಬೇಕಾದರೆ, ತೆಳುವಾದ ಅಲಗನ್ನು ನಾಲಿಗೆಯ ತುದಿಯಡಿ ತೂರಿಸಿ ತುಸುವೇ ಎತ್ತು. ಆಮೇಲೆ ಹಲ್ಲಿಲ್ಲದ ಚಪ್ಪಟೆ ಇಕ್ಕಳದಿಂದ ಹಿಡಿದು, ಸೀಳಿನಿಂದ ಹೊರಬರುವಷ್ಟು ಮಾತ್ರ ನೆಟ್ಟಗೆ ಮಾಡು. ಮರಳಿ ಕೂರಿಸುವಾಗ ಮೊದಲಿದ್ದ ದಿಕ್ಕಿಗೇ ಮಡಚು. ಒಂದು ನಾಲಿಗೆ ಮುರಿದರೂ ಬೆಸುಗೆಯ ಯೋಚನೆ ಬೇಡ, ಏಕೆಂದರೆ ಆ ಶಾಖಕ್ಕೆ ತಗಡಿನ ಆಚೆ ಬದಿಯ ಬಣ್ಣ ಸುಟ್ಟುಹೋಗುತ್ತದೆ. ಒಳಗಡೆ ತಗಡಿನ ಚೂರೊಂದನ್ನು ಎಪಾಕ್ಸಿ ಅಂಟಿನಿಂದ ಕೂರಿಸುವುದು ಲೇಸು.

ನೀರಿನಲ್ಲಿ ಮುಳುಗಿಸಲೇಬಾರದು, ಮಡಿಕೆಗಳೊಳಗೆ ಉಳಿದ ತೇವದಿಂದ ತುಕ್ಕು ಹುಟ್ಟುತ್ತದೆ. ಸೌಮ್ಯವಾದ ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ, ಮೊದಲು ತಳದಲ್ಲಿ ಪರೀಕ್ಷಿಸಿ, ನಂತರ ಪಕ್ಕಗಳನ್ನು ಒರೆಸಿ ಕೂಡಲೇ ಒಣಗಿಸು. ಅಂಟಿಸಿದ ಅಕ್ಷರಗಳನ್ನು ಉಜ್ಜಬೇಡ, ಸ್ಪಿರಿಟ್ಟನ್ನಂತೂ ಹತ್ತಿರಕ್ಕೂ ತರಬೇಡ. ಗಾಲಿಗಳ ಅಚ್ಚಿನ ತುದಿಗಳಲ್ಲಿ ಜಿಗುಟಾದ ಹಳೆಯ ಎಣ್ಣೆಯನ್ನು ಸೀಮೆಎಣ್ಣೆಯಿಂದ ತೆಗೆದು, ಸೂಜಿಯ ಮೊನೆಯಲ್ಲಿ ನಿಲ್ಲುವಷ್ಟು ತೆಳು ಎಣ್ಣೆ ಹಾಕಿದರೆ ಸಾಕು.

ನೀನು ಕಳಿಸಿದ ಮೂರನೆಯ ಚಿತ್ರದಲ್ಲಿ ಗಾಲಿಯೊಂದರ ಅಂಚಿನಲ್ಲಿ ಕೂದಲೆಳೆಯಂಥ ಬಿರುಕುಗಳು ಕಾಣುತ್ತಿವೆ. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಸತುಮಿಶ್ರ ಎರಕದಲ್ಲಿ ಸೀಸದ ಕಲಬೆರಕೆಯಿದ್ದರೆ, ಲೋಹವು ವರ್ಷಗಳು ಕಳೆದಂತೆ ಒಳಗಿನಿಂದಲೇ ಉಬ್ಬಿ ಪುಡಿಯಾಗುತ್ತದೆ. ಅದು ಪಕ್ಕದ ಗಾಲಿಗೆ ಅಂಟುವ ರೋಗವಲ್ಲ, ಆದರೆ ಅದಕ್ಕೆ ಮದ್ದೂ ಇಲ್ಲ. ಹೊಸ ಗಾಲಿ ಹಾಕಿ, ಹಳೆಯದನ್ನು ಚೀಟಿ ಬರೆದು ಎತ್ತಿಡು. ಉಳಿದ ಗಾಲಿಗಳನ್ನೂ ಭೂತಗನ್ನಡಿಯಲ್ಲಿ ಪರೀಕ್ಷಿಸಿ, ಮುಚ್ಚಿದ ವ್ಯಾಗನ್ನಿನ ತಳದ ಚಿತ್ರವನ್ನು ಕಳಿಸು. ಅದನ್ನು ನೋಡಿದ ಮೇಲೆ ಅದರ ಛಾವಣಿಯನ್ನು ಬಿಚ್ಚಬೇಕೋ ಬೇಡವೋ ಎಂದು ತಿಳಿಸುತ್ತೇನೆ.

ನಿನ್ನ ಗೆಳೆಯ,
ರಘು