ಕಪ್ಪೆ ಹಿಡಿದವನಿಗೆ ಜೈಲು, ಹಿಡಿಸಿದವನಿಗೆ?

ಸಂಪಾದಕರಿಗೆ ನಮಸ್ಕಾರ.

ಗದಗ ಬಿಟ್ಟು ಗೋವಾದ ವಾಸ್ಕೋಗೆ ಬಂದು ಹತ್ತೊಂಬತ್ತು ವರ್ಷ ಆಯ್ತು. ಇಲ್ಲಿ ಮಳೆಗಾಲ ಶುರುವಾದ ರಾತ್ರಿ ತಗಡಿನ ಮೇಲಿನ ಸದ್ದಿಗಿಂತ ಗದ್ದೆ ಕಡೆಯಿಂದ ಬರುವ ಕಪ್ಪೆಗಳ ಸದ್ದೇ ಜಾಸ್ತಿ ಇರುತ್ತಿತ್ತು. ಈಚೆಗೆ ಅದು ಮೂರ್ನಾಲ್ಕು ರಾತ್ರಿಗೇ ನಿಂತುಬಿಡುತ್ತದೆ.

ಹೋದ ವರ್ಷ ಜೂನ್‌ನಲ್ಲಿ ಪಕ್ಕದ ಖೋಲಿಯ ಹುಡುಗ, ಹಾವೇರಿ ಕಡೆಯವನು, ಗಾರೆ ಕೆಲಸ ಮಾಡುತ್ತಾನೆ, ರಾತ್ರಿ ಹನ್ನೊಂದಕ್ಕೆ ಮೊಣಕಾಲವರೆಗೆ ಕೆಸರು ಮಾಡಿಕೊಂಡು ಬಂದು ಸಿಮೆಂಟ್ ಚೀಲವೊಂದನ್ನು ಬಾಗಿಲ ಹತ್ತಿರ ಇಟ್ಟ. ಚೀಲ ತಾನಾಗೇ ಅಲುಗಾಡುತ್ತಿತ್ತು. ಏನಪ್ಪಾ ಅಂದರೆ, "ಕಪ್ಪಿ ಕಾಕಾ, ಹಿಡದು ಕೊಟ್ರ ರೊಕ್ಕಾ ಕೊಡ್ತಾರ" ಅಂದ. ಚೀಲದ ಬಾಯಿ ಬಿಚ್ಚಿ ತೋರಿಸಿದ. ಅಂಗೈ ತುಂಬುವಂಥ ಗಂಡು ಕಪ್ಪೆಗಳು, ಅರಿಶಿನ ಮೆತ್ತಿದ ಹಾಗೆ ಹಳದಿ, ಗಂಟಲಿನ ಎರಡೂ ಕಡೆ ನೀಲಿ ಚೀಲ. ಕಣ್ಣಿಗೆ ಬ್ಯಾಟರಿ ಬಿಟ್ಟರೆ ಅಲುಗದೆ ಕೂತಿರುತ್ತವಂತೆ, ಸುಮ್ನೆ ಎತ್ತಿ ಚೀಲಕ್ಕೆ ಹಾಕಿಕೊಳ್ಳೋದು. ಇದಕ್ಕೆ ಜೈಲಾಗುತ್ತೆ ತಮ್ಮಾ ಅಂದೆ. "ಕಪ್ಪಿಗೆ ಎಲ್ಲಿ ಜೈಲ್ರಿ ಕಾಕಾ, ಹುಲಿ ಏನ್ರಿ ಅದು?" ಅಂತ ನಕ್ಕ.

ಆಗುತ್ತದೆ. ಈ ಕಪ್ಪೆಗೂ ರಕ್ಷಣೆ ಕೊಡುವ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದರೆ ಬಂದೂಕು ಮಾತ್ರ ಅಲ್ಲ. ಹಿಡಿಯೋದು, ಉರುಳು ಹಾಕೋದು, ಹಿಡಿಯೋಕೆ ಪ್ರಯತ್ನ ಪಡೋದೂ ಬೇಟೆಯೇ. ಗದ್ದೆ ನಿಮ್ಮ ಸ್ವಂತದ್ದಾದರೂ ಅಷ್ಟೇ. ಮೂರು ವರ್ಷದವರೆಗೆ ಜೈಲು, ದಂಡ ಮೊದಲು 25 ಸಾವಿರದವರೆಗೆ ಇತ್ತು, 2022ರ ತಿದ್ದುಪಡಿ ಅದನ್ನು 1 ಲಕ್ಷಕ್ಕೆ ಏರಿಸಿದೆ. ಹಾಗೆ ನೋಡಿದರೆ ನಮ್ಮ ಸಾಲಿನಲ್ಲೇ ಮೂರು ಮನೆಯ ಪಂಜರದಲ್ಲಿ ಹಸಿರು ಗಿಣಿ ಇದೆ. ಅದೂ ಇದೇ ಕಾಯ್ದೆಗೆ ಬರುತ್ತದೆ ಅಂದರೆ ಯಾರೂ ನಂಬುವುದಿಲ್ಲ, ನನ್ನ ಹೆಂಡತಿಯೂ ಸೇರಿ.

ಈ ಕಪ್ಪೆಗಳೆಲ್ಲ ಹೋಗೋದು ತಟ್ಟೆಗೆ. ಗೋವಾದಲ್ಲಿ ಅದಕ್ಕೆ 'ಜಂಪಿಂಗ್ ಚಿಕನ್' ಅಂತ ಹೆಸರು. ಮೆನುವಿನಲ್ಲಿ ಬರೆದಿರುವುದಿಲ್ಲ, ಗುರುತಿದ್ದವರು ಕೇಳಿದರೆ ಬರುತ್ತದೆ. ವರ್ಷಗಳ ಹಿಂದೆ ಸ್ನೇಹಿತರ ಜೊತೆ ಕೂತಾಗ ನಾನೂ ಕೋಳಿ ಅಂತಲೇ ತಿಂದೆ, ಆಮೇಲೆ ಹೇಳಿದರು. ಮೊದಲ ಮಳೆಗೆ ಇವು ಕೂಗೋದು ಹೆಣ್ಣನ್ನು ಕರೆಯೋಕೆ, ಮೊಟ್ಟೆ ಇಡುವ ಕಾಲ ಅದು. ಆ ಕೂಗು ಹಿಡಿದೇ ಜನ ಹೋಗುತ್ತಾರೆ. ಅಂದರೆ ಆ ವರ್ಷದ ಮರಿಗಳೇ ಇಲ್ಲ ಅಲ್ವಾ? ಕಪ್ಪೆಯ ಕಾಲನ್ನು ವಿದೇಶಕ್ಕೆ ಕಳಿಸುವುದನ್ನು ನಮ್ಮ ಸರ್ಕಾರ 1987ರಲ್ಲೇ ನಿಲ್ಲಿಸಿತು. ಗದ್ದೆಯಲ್ಲಿ ಹುಳ ತಿನ್ನೋಕೆ ಕಪ್ಪೆ ಇಲ್ಲದಿದ್ದರೆ ರೈತ ಔಷಧಿ ಹೊಡೆಯಬೇಕು. ಹೊರದೇಶದವರಿಗೆ ಬೇಡ ಅಂದದ್ದು ಇಲ್ಲಿನ ಪಾರ್ಟಿಗೆ ಹೇಗೆ ಸರಿ?

ಮಳೆ ಶುರುವಾದಾಗ ಅರಣ್ಯ ಇಲಾಖೆಯವರು ರಾತ್ರಿ ಗಸ್ತು ತಿರುಗುತ್ತಾರೆ, ಒಳ್ಳೆಯದೇ. ಆದರೆ ಗದ್ದೆಯಲ್ಲಿ ಸಿಕ್ಕಿಬೀಳೋದು ಇಂಥ ಗಾರೆ ಹುಡುಗರು. ಹಿಡಿಸಿದವನು ಬೈಕ್ ಮೇಲೆ ಕಾಯುತ್ತಿರುತ್ತಾನೆ, ತಿನ್ನುವವರು ಫ್ಯಾನ್ ಕೆಳಗೆ ಕೂತಿರುತ್ತಾರೆ. ಜೂನ್, ಜುಲೈನಲ್ಲಿ ಹೋಟೆಲ್ ಅಡುಗೆಮನೆಯ ಫ್ರಿಜ್ ಒಂದೆರಡು ಸಲ ತೆರೆದು ನೋಡಲಿ. ಇನ್ನೊಂದು, ಎಚ್ಚರಿಕೆಯನ್ನು ಕನ್ನಡದಲ್ಲೂ ಹಾಕಿಸಲಿ. ಬೈನಾ, ಝುವಾರಿನಗರದಲ್ಲಿ ಕೆಲಸಕ್ಕೆ ಬಂದ ನಮ್ಮವರು ಎಷ್ಟಿದ್ದಾರೆ! ಇಲ್ಲಿನ ಕನ್ನಡ ಸಂಘದವರೂ ರಾಜ್ಯೋತ್ಸವದವರೆಗೆ ಕಾಯದೆ ಮೇ ತಿಂಗಳಲ್ಲೇ ಖೋಲಿ ಖೋಲಿಗೆ ಒಂದು ಚೀಟಿ ಹಂಚಬಹುದು.

ಅವತ್ತು ರಾತ್ರಿಯೇ ಹುಡುಗನನ್ನು ಕರೆದುಕೊಂಡು ಹೋಗಿ ಚೀಲವನ್ನು ಗದ್ದೆಯಲ್ಲಿ ಸುರಿಸಿ ಬಂದೆ. ದಾರಿಯುದ್ದಕ್ಕೂ "ನಿಮ್ಮಿಂದ ನನ್ನ ರೊಕ್ಕಾ ನೀರಾಗ ಹೋತು" ಅಂತ ಗೊಣಗಿದ. ಈ ವರ್ಷ ಅವನು ಹೋಗಿಲ್ಲ. ಅದೇ ಬೈಕ್‌ನವನು ಅವನ ಸೈಟಿಗೆ ಬಂದು ಬೇರೆ ಇಬ್ಬರನ್ನು ಕರೆದುಕೊಂಡು ಹೋದನಂತೆ.

– ಒಬ್ಬ ಓದುಗ, ವಾಸ್ಕೋ, ಗೋವಾ