‘ಹೂಂ’ ಎಂದು ಹೋದವರು

ರಾಜಾಜಿನಗರ, ಬೆಂಗಳೂರು

ಚಿ. ಪುಟ್ಟಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಮೊನ್ನೆ ರಾತ್ರಿ ಮಾದಾವರದಿಂದ ಮೆಟ್ರೊದಲ್ಲಿ ಬರುತ್ತಾ ಫೋನ್ ಮಾಡಿದ್ದೆಯಲ್ಲ, ಗದ್ದಲದಲ್ಲಿ ಅರ್ಧ ಕೇಳಿಸಲಿಲ್ಲ. ಕೇಳಿಸಿದ್ದು ಇಷ್ಟು: ಪ್ರದರ್ಶನದಲ್ಲಿ ನಿಮ್ಮ ಮಳಿಗೆಗೆ ಪೀಣ್ಯದ ಕಾರ್ಖಾನೆ ಮಾಲೀಕರೊಬ್ಬರು ಬಂದರು, ನೀನು ಹತ್ತು ನಿಮಿಷ ನಿಮ್ಮ ಸೆನ್ಸರ್‌ಗಳ ಬಗ್ಗೆ ವಿವರಿಸಿದೆ, ಅವರು ಮೂರು ಸಲ ‘ಹೂಂ’ ಎಂದು ಕಾರ್ಡ್ ಕೊಟ್ಟು ಹೋದರು. ‘ಅಹಂಕಾರ ಮಾವ, ಬೇರೇನಲ್ಲ’ ಎಂದೆ. ಮೂವತ್ತು ವರ್ಷ ಅದೇ ಪೀಣ್ಯದ ರಸ್ತೆಗಳಲ್ಲಿ ಸ್ಕೂಟರಿನ ಮೇಲೆ ಕಟಿಂಗ್ ಟೂಲ್ ಮಾರಿಕೊಂಡು ತಿರುಗಿದವನು ನಾನು. ಆ ‘ಹೂಂ’ ನನಗೆ ಹಳೆಯ ಪರಿಚಯ. ಅದರಲ್ಲಿ ಅಹಂಕಾರ ಕಂಡದ್ದು ಬಹಳ ಕಡಿಮೆ.

ನನ್ನ ಮೊದಲ ವರ್ಷದ ಸಂಗತಿ ಕೇಳು. ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೇ ಹಂತದಲ್ಲಿ ನಾಲ್ಕು ಲೇತ್ ಇದ್ದ ಒಂದು ಶೆಡ್. ಅದರ ಯಜಮಾನರು ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ಕೆಲಸ ಕಲಿತು, ಬಿಟ್ಟು ಬಂದು ಸ್ವಂತಕ್ಕೆ ನಿಂತವರು. 1953ರಲ್ಲಿ ಶುರುವಾದ ಆ ಕಾರ್ಖಾನೆ ಯಂತ್ರಗಳಷ್ಟೇ ಇಂಥ ಜನರನ್ನೂ ತಯಾರಿಸಿತು ಎನ್ನುವುದು ನನ್ನ ಅಭಿಪ್ರಾಯ. ನಾನು ಇನ್ಸರ್ಟ್‌ಗಳ, ಅಂದರೆ ಲೋಹ ಕೊರೆಯಲು ಟೂಲಿನ ತುದಿಗೆ ಕೂರಿಸುವ ಸಣ್ಣ ಅಲಗುಗಳ, ಡಬ್ಬಿ ತೆರೆದಿಟ್ಟೆ. ಅವರು ಒಂದನ್ನು ಎತ್ತಿ ಅದರ ಅಂಚನ್ನು ಬೆಳಕಿಗೆ ಹಿಡಿದರು. ಮಾತಿಲ್ಲ. ನನಗೆ ತಡೆಯಲಾಗಲಿಲ್ಲ, ಶೇಕಡಾ 5 ರಿಯಾಯಿತಿ ಎಂದೆ. ಅವರು ಇನ್ಸರ್ಟನ್ನು ತಿರುಗಿಸಿದರು. ಶೇಕಡಾ 8 ಎಂದೆ. ಅದನ್ನು ಡಬ್ಬಿಗೆ ಹಾಕಿ, ‘ಬೆಲೆ ನಾನು ಕೇಳಲೇ ಇಲ್ಲವಲ್ಲ’ ಎಂದು ಲೇತ್ ಕಡೆ ನಡೆದುಬಿಟ್ಟರು. ಅವರ ಮೌನಕ್ಕೆ ನಾನೇ ಅರ್ಥ ಕಟ್ಟಿ, ನಾನೇ ಉತ್ತರ ಕೊಟ್ಟು, ನಾನೇ ಸೋತಿದ್ದೆ.

ಮೂರನೆಯ ಸಲ ಹೋದಾಗ ಮಳೆ ಹಿಡಿಯಿತು. ಹೊರಡುವ ಹಾಗಿಲ್ಲ, ಹೇಳುವುದು ಏನೂ ಉಳಿದಿಲ್ಲ. ಮೇಜಿನ ಮೇಲೆ ಕಾಗದ ಹಾರದಿರಲು ಇಟ್ಟಿದ್ದ ಉಕ್ಕಿನ ಸಣ್ಣ ಘನವೊಂದು ಕಾಣಿಸಿತು. ‘ಇದು ಯಾವುದರ ತುಂಡು?’ ಎಂದು ಕೇಳಿ ಸುಮ್ಮನಾದೆ. ತಗಡಿನ ಮೇಲೆ ಮಳೆಯ ಸದ್ದು. ಸ್ವಲ್ಪ ಹೊತ್ತಾದ ಮೇಲೆ ಅವರೇ, ‘ತರಬೇತಿಯಲ್ಲಿ ಅರದಿಂದ ಉಜ್ಜಿ ಮಾಡಿದ್ದು. ಮೂರು ವಾರ ಹಿಡಿಯಿತು. ಒಂದು ಮುಖ ಇನ್ನೂ ಸರಿಯಿಲ್ಲ’ ಎಂದರು. ಯಾವ ಮುಖ ಎಂದೆ. ಮಳೆ ನಿಂತ ಮೇಲೂ ಅರ್ಧ ಗಂಟೆ ಮಾತು ನಿಲ್ಲಲಿಲ್ಲ. ಆರ್ಡರ್ ಅಂದು ಬರಲಿಲ್ಲ, ಎರಡು ತಿಂಗಳಾದ ಮೇಲೆ ಬಂತು.

ಇದನ್ನು ನಿನ್ನ ಅತ್ತೆಗೆ ಹೇಳಿದರೆ, ತಾನು ಬಿ.ಎಡ್.ನಲ್ಲಿ ಓದಿದ್ದೇ ಇದು ಎಂದು ನಕ್ಕಳು. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳನ್ನು ಅಳೆದು ನೋಡಿದ್ದರಂತೆ. ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಕಾಯುತ್ತಿದ್ದುದು ಸುಮಾರು 1 ಸೆಕೆಂಡ್. ಅದನ್ನು 3 ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾದವು, ಸದಾ ಸುಮ್ಮನಿರುವ ಮಕ್ಕಳೂ ಬಾಯಿ ತೆರೆದರು. ಮೂರು ಸೆಕೆಂಡ್ ಎಂದರೆ ಏನು ಮಹಾ ಎನ್ನಬೇಡ. ಎದುರಿಗೆ ಗಿರಾಕಿ, ಬೆನ್ನ ಹಿಂದೆ ನಿನ್ನ ಮ್ಯಾನೇಜರ್ ನಿಂತಿರುವಾಗ ಮನಸ್ಸಿನಲ್ಲೇ ಎಣಿಸಿ ನೋಡು.

ನಮ್ಮ ಕಡೆ ಪರಿಚಯಕ್ಕೆ ಮೊದಲು ಬರುವ ಪ್ರಶ್ನೆ ‘ನಿಮ್ಮದು ಯಾವ ಊರು?’ ಒಳ್ಳೆಯ ಪ್ರಶ್ನೆಯೇ. ಆದರೆ ಅದರ ಹಿಂದೆಯೇ ‘ಯಾವ ಜನ?’ ಎಂಬುದು ಬರುತ್ತದೆಂದು ಅನುಭವದಿಂದ ಕಲಿತವರು ಊರಿನ ಹೆಸರು ಹೇಳುವಷ್ಟರಲ್ಲೇ ಬಾಗಿಲು ಮುಚ್ಚಿಕೊಳ್ಳುತ್ತಾರೆ. ಹೊಸಬರ ಹತ್ತಿರ ಅವರ ಕೆಲಸದಿಂದ ಶುರುಮಾಡು, ಊರು ತಾನಾಗಿ ಬರುತ್ತದೆ.

ಇನ್ನೊಂದು ಅನುಮಾನ. ನೀನು ಅವರೊಡನೆ ಇಂಗ್ಲಿಷಿನಲ್ಲಿ ಮಾತಾಡಿದೆಯಾ? ಕನ್ನಡ ಮಾಧ್ಯಮದಲ್ಲಿ ಓದಿ, ಡಿಪ್ಲೊಮಾ ಮಾಡಿ, ಮೈಕ್ರಾನ್ ಲೆಕ್ಕದಲ್ಲಿ ಕೆಲಸ ತೆಗೆಯುವ ಎಷ್ಟೋ ಜನ ಇಂಗ್ಲಿಷಿನಲ್ಲಿ ಮಾತ್ರ ಮಿತಭಾಷಿಗಳು. ಹಾಗೆಂದು, ಅವರಿಗೆ ಇಂಗ್ಲಿಷ್ ಬಾರದೆಂಬ ಧಾಟಿಯಲ್ಲಿ ಕನ್ನಡಕ್ಕೆ ಹೊರಳಬೇಡ, ಅದು ಚುಚ್ಚುತ್ತದೆ. ಮೊದಲ ನಮಸ್ಕಾರವನ್ನೇ ಕನ್ನಡದಲ್ಲಿ ಹೇಳಿಬಿಡು, ಯಾವ ಭಾಷೆ ಎಂದು ಅವರು ಆರಿಸಿಕೊಳ್ಳಲಿ.

ಎದುರುಬದುರು ಕುರ್ಚಿಯಲ್ಲಿ ಕೂರಿಸುವುದಕ್ಕಿಂತ ದರ್ಶಿನಿಯಲ್ಲಿ ಬೈಟು ಕಾಫಿ ಹಿಡಿದು ಪಕ್ಕಪಕ್ಕ ನಿಲ್ಲುವುದು ಇಂಥವರಿಗೆ ಹಿತ. ಇಬ್ಬರ ಕಣ್ಣೂ ರಸ್ತೆಯ ಮೇಲಿರುತ್ತದೆ, ಲೋಟ ಬಿಸಿಯಿರುವುದರಿಂದ ಮಾತಿನ ನಡುವೆ ಬಿಡುವು ಸಹಜ. ಕಾಫಿ ಮುಗಿದರೆ ಹೊರಡಲು ನೆಪ ಹುಡುಕಬೇಕಾಗಿಲ್ಲ. ಇನ್ನೊಂದು ಬೈಟು ಎಂದು ಅವರೇ ಹೇಳಿದರೆ ಮಾತು ಬೇರೆ.

ಕೆಲವರಿಗೆ ನಿಜವಾಗಿಯೂ ಮಾತು ಬೇಡ, ಅದೂ ಉಂಟು. ಅಂಥವರನ್ನು ಬಿಟ್ಟುಬಿಡು.

ಈ ಮಾಲೀಕರಿಗೆ ಒಂದು ಸಂದೇಶ ಬರೆ, ಫೋನ್ ಬೇಡ. ಮುಖಾಮುಖಿ ‘ಹೂಂ’ ಎನ್ನುವವರು ಬರಹದಲ್ಲಿ ನಾಲ್ಕು ಸಾಲು ಉತ್ತರಿಸಿದ್ದನ್ನು ನೋಡಿದ್ದೇನೆ. ನಿಮ್ಮ ಕಂಪನಿಯ ಹೊಗಳಿಕೆಯ ಕಡತವನ್ನೆಲ್ಲ ಜೊತೆಗೆ ಕಳಿಸಬೇಡ. ಅವರು ನೋಡಿದ ವಸ್ತುವಿನ ಬಗ್ಗೆ ಒಂದೇ ಪ್ರಶ್ನೆ ಸಾಕು.

ಅಲ್ಲಿಗೇ ನನ್ನ ಕಾಗದ ಸಿಕ್ಕಿಹಾಕಿಕೊಂಡಿದೆ. ನೀನು ಏನೇನು ಹೇಳಿದೆ ಎಂಬುದನ್ನೆಲ್ಲ ಫೋನಿನಲ್ಲಿ ಒಪ್ಪಿಸಿದೆ. ಆ ಹತ್ತು ನಿಮಿಷ ಅವರು ಯಾವುದನ್ನು ನೋಡುತ್ತಿದ್ದರು, ಏನನ್ನಾದರೂ ಕೈಗೆತ್ತಿಕೊಂಡರೇ? ನೆನಪಿದ್ದರೆ ಇವತ್ತೇ ತಿಳಿಸು.

ನಿನ್ನ ಮಾವ