ರಂಗೋಲಿ ಪುಡಿಯ ಋಣ

ಎಎಸ್‌ಕ್ಯೂ ಎಂಬ ಗುಣಮಟ್ಟ ಸಂಸ್ಥೆಯ ಸಿಕ್ಸ್ ಸಿಗ್ಮಾ (ಕೆಲಸದಲ್ಲಿನ ದೋಷಗಳನ್ನು ಲೆಕ್ಕಾಚಾರದಿಂದ ಹುಡುಕಿ ತಗ್ಗಿಸುವ ವಿಧಾನ) ಬ್ಲ್ಯಾಕ್ ಬೆಲ್ಟ್ ಎಂಬ ಮೇಲಿನ ಹಂತದ ಪರೀಕ್ಷೆಯಲ್ಲಿ ಎರಡನೆಯ ಪ್ರಯತ್ನಕ್ಕೆ ಪಾಸಾಗಿದ್ದೇನೆ. ಅಭಿನಂದಿಸಿದ ಎಲ್ಲರಿಗೂ ವಂದನೆ. ಆದರೆ ಇದರಲ್ಲಿ ಯಾರ ಪಾಲು ಎಷ್ಟೆಂದು ಹೇಳದೆ ಹೋದರೆ ನನಗೆ ಊಟ ಸೇರುವುದಿಲ್ಲ.

ಮೈಸೂರಿನಲ್ಲಿ ಲಿಫ್ಟ್ ದುರಸ್ತಿಯ ತಂಡವನ್ನು ನೋಡಿಕೊಳ್ಳುವುದು ನನ್ನ ಕೆಲಸ. ಈ ಪರೀಕ್ಷೆಗೆ ಬರೀ ಓದಿದರೆ ಸಾಲದು. ಸುಧಾರಣೆಯ ಕೆಲಸವೊಂದನ್ನು ಮಾಡಿ ಮುಗಿಸಿದ್ದಕ್ಕೆ ಸಹಿ ಹಾಕಿದ ದೃಢೀಕರಣ ಪತ್ರವೂ ಬೇಕು. ಸರಿಮಾಡಿ ಬಂದ ಲಿಫ್ಟ್ ವಾರದೊಳಗೆ ಮತ್ತೆ ನಿಲ್ಲುವುದು ನಮ್ಮ ಹಳೆಯ ತಲೆನೋವು. ಅದನ್ನೇ ಆರಿಸಿಕೊಂಡೆ. ಹುಡುಗರ ಉದಾಸೀನವೇ ಕಾರಣ ಎಂದು ಮನಸ್ಸಿನಲ್ಲಿ ತೀರ್ಪು ಬರೆದಿಟ್ಟುಕೊಂಡೇ ಲೆಕ್ಕಕ್ಕೆ ಕುಳಿತಿದ್ದೆ.

ದೂರುಗಳನ್ನು ಎಣಿಸಿ ಪರೇಟೋ ನಕ್ಷೆ (ಕಾರಣಗಳನ್ನು ಹೆಚ್ಚಿನದರಿಂದ ಕಡಿಮೆಯದಕ್ಕೆ ಸಾಲಾಗಿ ತೋರಿಸುವ ಕಂಬಚಿತ್ರ) ಹಾಕಿದಾಗ ಎಲ್ಲಕ್ಕಿಂತ ಎತ್ತರದ ಕಂಬ ಬಾಗಿಲಿನದು. ಮುಂದಿನ ಪಾಠ ಕುವೆಂಪುನಗರದ ಅಪಾರ್ಟ್‌ಮೆಂಟೊಂದರ ಕಾವಲುಗಾರರಿಂದ ಆಯಿತು. ಅವರು ಮಂಡಿಯೂರಿ, ಬಾಗಿಲು ಜಾರುವ ಕೆಳಗಿನ ಸಂದಿಯನ್ನು ಕಡ್ಡಿಯಿಂದ ಕೆದಕಿ ತೋರಿಸಿದರು: ರಂಗೋಲಿ ಪುಡಿ, ಒಣಗಿದ ಸೇವಂತಿಗೆ ಎಸಳು, ಯಾವುದೋ ಮಗು ಚೆಲ್ಲಿದ ಕಡಲೆಪುರಿ. ಬಾಗಿಲು ಪೂರ್ತಿ ಮುಚ್ಚದಿದ್ದರೆ ಅದರ ಬೀಗದ ವಿದ್ಯುತ್ ಸಂಪರ್ಕ ಕೂಡುವುದಿಲ್ಲ, ಲಿಫ್ಟ್ ಕದಲುವುದಿಲ್ಲ. "ನಿಮ್ಮವರು ಬರುತ್ತಾರೆ ಸ್ವಾಮಿ, ಸ್ವಿಚ್ ಆರಿಸಿ ಹಾಕುತ್ತಾರೆ, ಹೋಗುತ್ತಾರೆ" ಎಂದರು.

ಯಾಕೆ ಹಾಗೆ ಹೋಗುತ್ತಾರೆ? ಐದು ಸಲ 'ಯಾಕೆ' ಎಂದು ಕೇಳುವ ಪದ್ಧತಿ ಟೊಯೊಟಾ ಕಾರ್ಖಾನೆಯಿಂದ ಬಂದದ್ದು. ನನಗೆ ಮೂರನೆಯದಕ್ಕೇ ಉತ್ತರ ಸಿಕ್ಕಿತು. ತಂಡದಲ್ಲೇ ಕಿರಿಯ ಮೆಕ್ಯಾನಿಕ್ ತಲೆ ತಗ್ಗಿಸಿಕೊಂಡು, "ಸಾರ್, ಯಾರು ಎಷ್ಟು ದೂರು ಮುಗಿಸಿದರು ಎಂದು ಸಂಜೆ ಬೋರ್ಡಿನಲ್ಲಿ ಬರೆಯುವವರು ನೀವೇ ಅಲ್ಲವೇ?" ಎಂದ. ಆ ಬೋರ್ಡು ನನ್ನ ಹೆಮ್ಮೆಯ ಕೂಸು. ಎರಡು ದಿನ ಅವನೊಂದಿಗೆ ಮುಖ ಕೊಟ್ಟು ಮಾತನಾಡಲಿಲ್ಲ; ಮೂರನೆಯ ದಿನ ಬೋರ್ಡನ್ನು ಒರೆಸಿದೆ. ಈಗ ಅಲ್ಲಿ ಬರೆಯುವುದು ಒಂದೇ ಭೇಟಿಯಲ್ಲಿ ಸರಿಹೋದ ಲಿಫ್ಟುಗಳನ್ನು ಮಾತ್ರ. ಅಂದು ಬಾಯಿ ತೆರೆದ ಆ ಹುಡುಗನಿಗೆ ಎಲ್ಲರೆದುರು ಕೈಮುಗಿಯುತ್ತೇನೆ. ಚೀಟಿ ಇಲ್ಲದೆ ಒಂದು ನಟ್ಟನ್ನೂ ಕೊಡದ ನಮ್ಮ ಸ್ಟೋರಿನ ಹಿರಿಯರು ಪ್ರತಿ ಚೀಲಕ್ಕೂ ಬ್ರಷ್ ಮತ್ತು ಬಾಗಿಲಿನ ರೋಲರ್ ಮುಂಗಡವಾಗಿ ಕೊಟ್ಟರು. ಅದು ಸಣ್ಣ ತ್ಯಾಗವಲ್ಲ!

ಪರೀಕ್ಷೆಯಲ್ಲಿ 165 ಪ್ರಶ್ನೆ, 4 ಗಂಟೆ 18 ನಿಮಿಷ. ಪುಸ್ತಕ ತೆರೆದಿಟ್ಟುಕೊಳ್ಳಬಹುದು ಎಂಬ ಧೈರ್ಯದಲ್ಲೇ ಮೊದಲ ಸಲ ಮುಗ್ಗರಿಸಿದೆ. ಹಾಳೆ ಮಗುಚುವುದರಲ್ಲೇ ಹೊತ್ತು ಕಳೆಯಿತು. ಎರಡನೆಯ ಸಲ ಪುಸ್ತಕಕ್ಕೆಲ್ಲ ಬಣ್ಣದ ಚೀಟಿ ಅಂಟಿಸಿಕೊಟ್ಟವಳು ನನ್ನ ಹೆಂಡತಿ. ಪದವಿಯಲ್ಲಿ ಸಂಖ್ಯಾಶಾಸ್ತ್ರ ಓದುವ ಮಗಳು ಅಪ್ಪನಿಗೆ ಪಾಠ ಹೇಳಿ, ಎರಡು ಸಲ ಗದರಿಸಿಯೂ ಇದ್ದಾಳೆ.

ಕಳೆದ ಭಾನುವಾರ ಆ ಕಾವಲುಗಾರರಿಗೆ ಸಿಹಿ ಕೊಡಲು ಹೋಗಿದ್ದೆ. ಪೊಟ್ಟಣಕ್ಕೆ ಕೈ ಒಡ್ಡುವ ಮೊದಲೇ, "ಎರಡನೆಯ ಮಹಡಿಯ ಬಾಗಿಲು ಕಿರುಗುಟ್ಟುತ್ತಿದೆ, ನೋಡಿ ಬನ್ನಿ" ಎಂದರು. ನೋಡಿ ಬಂದೆ.